ಏಳನೆಯ ಕದ

ಟ್ವಿಲಿಂಗೇಟಿನ ಬಣ್ಣದಂಗಡಿಯಲ್ಲಿ
ಬಿಳಿಗೇ ಮೂವತ್ತೊಂದು ಹೆಸರು.
ಮೊಟ್ಟೆಯೋಡು, ಹಳೆ ಕಸೂತಿ, ತೊಳೆದ ಉಣ್ಣೆ.
ಚೀಟಿಗಳ ಬೀಸಣಿಗೆ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ.
ಸೆಲ್ವಿನ್ ಹೊರಗೆ ವ್ಯಾನಿನಲ್ಲೇ ಕೂತಿದ್ದ.
ದೋಣಿಗೆ ಬಳಿದು ಉಳಿದ ಹಸಿರು ಅರ್ಧ ಡಬ್ಬಿ ಇದೆಯಲ್ಲ,
ದುಡ್ಡು ಕೊಟ್ಟು ಬಿಳಿ ಯಾಕೆ, ಅಂತ ಅವನ ವಾದ.
ನನ್ನ ಅಡುಗೆಮನೆ ತೇಲುವುದು ಬೇಡ ಎಂದೆ.
ತೊಳೆದ ಉಣ್ಣೆಯೇ ಸರಿ. ಅವನ ಮುಖ ನೋಡಿ
ಸಣ್ಣ ಡಬ್ಬಿ, ಒಂದೇ ಒಂದು.

ಹದಿನಾಲ್ಕು ಕದ, ಇಪ್ಪತ್ತೆಂಟು ಕೀಲು.
ಕೆಲವು ತಿರುಪಿಗೆ ತಲೆಯೇ ಸವೆದು
ಅವನ ಬೈಗುಳಕ್ಕೂ ಜಗ್ಗಲಿಲ್ಲ.
ಕದದ ಬೆನ್ನಿಗೆ ಅಂಟುಪಟ್ಟಿ, ಪಟ್ಟಿಯ ಮೇಲೆ ಅಂಕಿ:
ಒಂದು ಒಲೆಯ ಬಲಕ್ಕೆ, ಎರಡು ಹಿಟ್ಟಿನ ಗೂಡಿಗೆ,
ಬಚ್ಚಲ ಕನ್ನಡಿಯ ಪಕ್ಕದ್ದು ಹದಿನಾಲ್ಕು.

ಸೋಡಾ ನೀರಲ್ಲಿ ಬಟ್ಟೆ ಅದ್ದಿ ಒರೆಸಿದರೆ
ಮೂವತ್ತು ವರ್ಷ ಹುರಿದ ಕಾಡ್ ಮೀನಿನ ಜಿಡ್ಡು
ಜೇನಿನ ಬಣ್ಣದಲ್ಲಿ ಇಳಿದುಬಂತು.
ಇಷ್ಟು ಉಂಡೆವೆ ನಾವು?
ಆಮೇಲೆ ಉಪ್ಪುಕಾಗದ, ಒರಟು ಮೊದಲು, ನಯದ್ದು ನಂತರ;
ಎಳೆಯ ಜಾಡು ಹಿಡಿದೇ ಉಜ್ಜಬೇಕು,
ಅಡ್ಡಕ್ಕೆ ಉಜ್ಜಿದ್ದನ್ನು ಮರ ಮರೆಯುವುದಿಲ್ಲ.
ಹುಡಿ ಹುಬ್ಬಿಗೆ ಕೂತು
ಸೆಲ್ವಿನ್ ಒಂದೇ ಮಧ್ಯಾಹ್ನದಲ್ಲಿ ತನ್ನಪ್ಪನಾದ.

ಮೊದಲ ಕೈ ಬಳಿದೆವು. ಎರಡನೆಯದರ ಹೊತ್ತಿಗೆ ಕಾವಳ
ಕೊಲ್ಲಿಯಿಂದೆದ್ದು ಷೆಡ್ಡಿನ ಸಂದಿಯಲ್ಲಿ ನುಗ್ಗಿ
ಹಸಿ ಕದಗಳ ಮೇಲೆ ಕೈಯಾಡಿಸಿತು.
ನಾಲ್ಕು ದಿನದ ಕೆಲಸ ಹದಿನಾರಾಯಿತು.

ಕದವಿಲ್ಲದ ಅಡುಗೆಮನೆ
ಬಾಯಿ ತೆರೆದುಕೊಂಡೇ ನಿದ್ದೆಹೋದವರ ಹಾಗೆ.
ಎಸೆದೆನೆಂದು ನಾದಿನಿಗೆ ಆಣೆಯಿಟ್ಟಿದ್ದ ಕಿವಿಮುರಿದ ಬಟ್ಟಲು,
ಓಟ್ಸಿನ ಹಿಂದೆ ಅವನು ಬಚ್ಚಿಟ್ಟ ರಮ್ಮು,
ಮುಚ್ಚಳ ಕಳೆದ ಒಂಬತ್ತು ಡಬ್ಬಿ,
ಡಬ್ಬಿ ಕಳೆದ ಹನ್ನೊಂದು ಮುಚ್ಚಳ.
ಚಹಾಕ್ಕೆಂದು ಬಂದ ಪಕ್ಕದ ಮನೆಯ ಹೆಡ್ಲಿ
ಸಕ್ಕರೆ ಕೇಳಲಿಲ್ಲ, ಎದ್ದು ತಾನೇ ತಗೊಂಡ;
ರಮ್ಮನ್ನೂ ನೋಡಿದ, ನೋಡದವನ ಹಾಗೆ ಕೂತ.

ಬಚ್ಚಲಲ್ಲಿ ಹದಿನಾಲ್ಕನೆಯ ಗೂಡು.
ಹಲ್ಲುಜ್ಜುತ್ತ ಸುಮ್ಮನೆ ನಿಂತವಳ ಕಣ್ಣಿಗೆ
ಅವನ ಎದೆಯ ಮಾತ್ರೆಯ ಹಾಳೆ.
ತಿಂಗಳ ಕೊನೆ. ಬೆಳ್ಳಿಕಾಗದದ ಕೆಳಗೆ
ಹತ್ತೊಂಬತ್ತು ಗುಳಿಗೆ, ಬೆಚ್ಚಗೆ, ಹಾಗ್ಹಾಗೇ.
ಎಣಿಸಿದೆ. ಮತ್ತೆ ಎಣಿಸಿದೆ.
ಬಾಯಿಯ ನೊರೆ ಉಗಿಯುವುದು ಮರೆತೆ.

ಕೇಳಬಹುದಿತ್ತು. ಕೇಳಿದರೆ ಅವನು
ಗಾಳಿ ನೋಡಿ ಹಾಯಿ ತಿರುಗಿಸುವ ಮನುಷ್ಯ,
ನಾಳೆ ಮಳೆಯೋ ಬಿಸಿಲೋ ಎಂದು ಶುರುಮಾಡುತ್ತಾನೆ.
ಹಾಳೆಯನ್ನು ತಂದು
ಏಳನೆಯ ಗೂಡಿನಲ್ಲಿ, ಚಹಾಪುಡಿಯ ಡಬ್ಬಿಗೆ ಒರಗಿಸಿಟ್ಟೆ,
ಅವನ ಕುರ್ಚಿಯಿಂದ ನೇರ ಕಣ್ಣಿಗೆ.
ಮರುದಿನ ಬೆಳಿಗ್ಗೆ ಹದಿನೆಂಟು.
ಅದರ ಮರುದಿನ ಹದಿನೇಳು.
ಇಬ್ಬರೂ ಬಣ್ಣದ ಬಗ್ಗೆಯೇ ಮಾತಾಡಿದೆವು.

ಒಣಗಿದ ಕದಗಳು ಒಂದೊಂದೇ ಒಳಗೆ ಬಂದವು
ಹೊಸ ಹಿತ್ತಾಳೆ ಹಿಡಿ ತೊಟ್ಟು.
ಐದನೆಯದು ಉಬ್ಬಿ ಕಚ್ಚಿಕೊಳ್ಳುತ್ತದೆ, ಮೊಣಕೈ ಕೊಡಬೇಕು.
ಬಚ್ಚಲಿನದಕ್ಕೆ ಬಿಳಿ ಸಾಲದೆ ದೋಣಿಯ ಹಸಿರೇ ಗತಿ;
ಗಡ್ಡ ಹೆರೆಯುತ್ತ ದಿನವೂ
ಗೆದ್ದವನಂತೆ ಶಿಳ್ಳೆ ಹಾಕುತ್ತಾನೆ.

'ಏಳನೆಯದು ಎಲ್ಲಿ?'
'ಇನ್ನೂ ಒಣಗಿಲ್ಲ' ಅಂದೆ.
ಅದು ಆಗಸ್ಟು.
ಈಗ ಕೊಲ್ಲಿಯಲ್ಲಿ ಮಂಜುಗಡ್ಡೆ ಹಲ್ಲು ಕಡಿಯುತ್ತಿದೆ.
ಷೆಡ್ಡಿನ ಗೋಡೆಗೊರಗಿ ಒಂದು ಬಿಳಿ ಕದ
ಕಲ್ಲಿನಷ್ಟು ಒಣಗಿ ನಿಂತಿದೆ;
ಅದರ ನಾಲ್ಕು ತಿರುಪು ನನ್ನ ಏಪ್ರನ್ನಿನ ಜೇಬಿನಲ್ಲಿ.
ಅವನಿಗೂ ಗೊತ್ತು. ಆಗಾಗ ಷೆಡ್ಡಿಗೆ ಹೋಗಿಬಂದು
'ಹಸಿ ಹಸಿಯಾಗೇ ಇದೆ ಕಣೆ' ಅನ್ನುತ್ತಾನೆ
ನೀರಿನ ಲೋಟಕ್ಕೆ ಕೈಚಾಚುತ್ತ.